ಮಟ್ಟೆ ಫ್ಯಾಕ್ಟರಿಯ ಹಿಂದಿನ ಹೊಲ

ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿ ಎದುರು, ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತು ವರ್ಷ ಅರ್ಜಿ ಬರೆದವನು ನಾನು. ಪಹಣಿ ತಿದ್ದುಪಡಿ, ಪೌತಿ ಖಾತೆ, ವಿಧವಾ ವೇತನ, ದಾರಿ ತಕರಾರು, ನನ್ನ ಕೈಯಿಂದ ಹೋಗದ ಅರ್ಜಿ ಇಲ್ಲ. ಬಂದವರಿಗೆಲ್ಲ ಮೊದಲು ಹೇಳುತ್ತಿದ್ದ ಮಾತು ಒಂದೇ, ಓದದೆ ಎಲ್ಲೂ ಸಹಿ ಹಾಕಬೇಡಿ ಅಂತ. ಅವರು ತಲೆಯಾಡಿಸಿ, ನಾನು ಬರೆದದ್ದನ್ನು ಓದದೆಯೇ ಸಹಿ ಹಾಕಿ ಬಸ್ಸು ಹಿಡಿಯುತ್ತಿದ್ದರು. ಅದು ಬೇರೆ ಮಾತು.

ನನ್ನ ಗುಣವನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಬೇಗ ಬರುತ್ತದೆ, ನಂಬಿಕೆ ತಡವಾಗಿಯೂ ಬರುವುದಿಲ್ಲ. "ನಿಮ್ಗೆ ದೇವ್ರೇ ಎದ್ರು ಬಂದು ನಿಂತ್ರೂ ಆಧಾರ್ ಕಾರ್ಡ್ ಕೇಳ್ತೀರಾ" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಕೇಳುತ್ತೇನೆ. ಕೇಳಿದರೆ ತಪ್ಪೇನು? ಕಾಗದ ಹಿಡಿದುಕೊಂಡು ಬಂದವರಿಂದ ಹಾಳಾದ ಮನೆಗಳನ್ನು ಆ ಮರದ ಕೆಳಗೆ ಕೂತು ದಿನಾ ನೋಡಿದವನಿಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು?

ನಮ್ಮೂರು ನುಗ್ಗೇಹಳ್ಳಿ ಕಡೆಯದು. ಊರ ಹೊರಗೆ ಕೆರೆಯ ಪಕ್ಕಕ್ಕೆ ತೆಂಗಿನ ಮಟ್ಟೆ, ಗರಿ, ಕರಟ ಸುಟ್ಟು ಕರೆಂಟು ತೆಗೆಯುವ ಒಂದು ಘಟಕ ಇತ್ತು. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರು, ಊರಿನವರ ಬಾಯಲ್ಲಿ ಬರೀ ಮಟ್ಟೆ ಫ್ಯಾಕ್ಟರಿ. ಅದು ಉರಿಯುತ್ತಿದ್ದಷ್ಟು ವರ್ಷ ಹೆಂಗಸರು ಒಣಹಾಕಿದ ಬಟ್ಟೆಯನ್ನು ಎರಡು ಸಲ ಒಗೆದರು. ರಾಗಿ ತೆನೆಯ ಮೇಲೆ ಬೂದಿ ಕೂರುತ್ತಿತ್ತು. ಆಮೇಲೆ ನಾರಿನ ಕಾರ್ಖಾನೆಗಳು ಮಟ್ಟೆಯನ್ನು ಮನೆ ಬಾಗಿಲಿಗೇ ಬಂದು ಹೊತ್ತೊಯ್ಯತೊಡಗಿದವು. ಸುಡುವುದಕ್ಕೆ ಮಟ್ಟೆ ಸಿಗದೆ ಫ್ಯಾಕ್ಟರಿ ಒಂದು ದಿನ ನಿಂತೇಹೋಯಿತು. ಚಿಮಣಿ ಉಳಿಯಿತು, ಟವರು ತಂತಿ ಉಳಿದವು, ಗೇಟಿನಲ್ಲಿ ಒಬ್ಬ ವಯಸ್ಸಾದ ವಾಚ್‌ಮನ್ ಉಳಿದ.

ಆ ಫ್ಯಾಕ್ಟರಿಯ ಹಿಂದೆ ನನ್ನ ಅಕ್ಕನ ಹೊಲ. ಅಕ್ಕನನ್ನು ಊರಲ್ಲೇ ಕೊಟ್ಟಿದ್ದು. ಭಾವ ತೀರಿಕೊಂಡ ಮೇಲೆ ಎರಡು ಹಸು ಕಟ್ಟಿಕೊಂಡು, ಆ ಹೊಲದಲ್ಲಿ ಸ್ವಲ್ಪ ರಾಗಿ, ಸ್ವಲ್ಪ ಮೇವಿನ ಜೋಳ ಬೆಳೆದುಕೊಂಡು, ಡೈರಿಗೆ ಹಾಲು ಹಾಕಿ ಯಾರ ಮುಂದೆಯೂ ಕೈಚಾಚದೆ ಬದುಕಿದವಳು. ಹೊಲದ ಒಂದು ಕಡೆ ನಾಲೆ, ಎರಡು ಕಡೆ ಬೇರೆಯವರ ತೆಂಗಿನ ತೋಟದ ಮುಳ್ಳುಬೇಲಿ. ಹೋಗುವುದಕ್ಕೆ ಇದ್ದದ್ದು ಫ್ಯಾಕ್ಟರಿ ಅಂಗಳದೊಳಗಿನ ಹಳೆಯ ಗಾಡಿ ಜಾಡು ಒಂದೇ. ಫ್ಯಾಕ್ಟರಿ ಕಟ್ಟುವಾಗ, ಓಡಾಡಿಕೊಳ್ಳಿ ಯಾರು ಬೇಡ ಅಂತಾರೆ ಎಂದು ಆಗಿನವರು ಭಾವನಿಗೆ ಬಾಯಿ ಮಾತಲ್ಲಿ ಹೇಳಿದ್ದರು. ವಾಚ್‌ಮನ್ ಚಿಕ್ಕ ಗೇಟಿಗೆ ಬೀಗ ಹಾಕುತ್ತಿರಲಿಲ್ಲ. ಅಕ್ಕ ಒಲೆಯ ಮೇಲೆ ಅನ್ನಕ್ಕಿಟ್ಟು ಹೋಗಿ, ಅದು ಬೇಯುವಷ್ಟರಲ್ಲಿ ಒಂದು ಹೊರೆ ಮೇವು ಕೊಯ್ದು ತಂದುಬಿಡುತ್ತಿದ್ದಳು.

ಫ್ಯಾಕ್ಟರಿ ಬರುವ ಮುಂಚೆ ಅದರ ಕಂಪನಿಯವರು ಊರಲ್ಲಿ ಒಂದು ಸಭೆ ನಡೆಸಿದ್ದರು. ಶಾಮಿಯಾನ, ಒಬ್ಬಟ್ಟಿನ ಊಟ. ಎಷ್ಟು ಎಲೆ ಆಯಿತು ಎಂದು ಗೊತ್ತಾಗಬೇಕಲ್ಲ ಎಂದು ಒಂದು ಪುಸ್ತಕ ಇಟ್ಟಿದ್ದರು. ಉಂಡವರು ಹೆಸರು ಬರೆದು ಸಹಿ ಹಾಕಬೇಕು. ನನ್ನ ಅಕ್ಷರ ಚೆನ್ನಾಗಿದೆ ಎಂದು ನನ್ನನ್ನೇ ಕೂರಿಸಿದರು. ಓದುಬರಹ ಬಾರದವರ ಹೆಬ್ಬೆಟ್ಟಿನ ಪಕ್ಕ ನಾನೇ ಹೆಸರು ಬರೆದೆ. ಮುಂದೆ ಬೂದಿ ಬೀಳತೊಡಗಿ ಊರಿನವರು ಜಗಳಕ್ಕೆ ಹೋದಾಗ ಕಂಪನಿಯವರು ಒಂದು ಒಪ್ಪಿಗೆ ಪತ್ರ ತೆಗೆದು ತೋರಿಸಿದರು. ಮೇಲಿನ ಹಾಳೆ ಹೊಸದು. ಅದಕ್ಕೆ ಹೊಲಿದಿದ್ದದ್ದು ನನ್ನ ಊಟದ ಪುಸ್ತಕದ ಹಾಳೆಗಳು. "ಒಬ್ಬಟ್ಟು ಉಂಡ್ಬುಟ್ಟು ಊರ್ನೇ ಬರ್ಕೊಟ್ಟ ಕಣ್ಲಾ ನಮ್ ಅರ್ಜಿ ಮೇಷ್ಟ್ರು" ಎಂದು ಎಷ್ಟೋ ವರ್ಷ ಆಡಿಕೊಂಡರು. ಅರ್ಜಿ ಬರೆಯುವವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಈಗ ನೆನೆದರೂ ಮೈ ಉರಿಯುತ್ತದೆ.

ಹೀಗಿರುವಾಗ ಡೈರಿ ಗೋಡೆಗೆ ಒಂದು ನೋಟೀಸು ಅಂಟಿತು. ಮುಚ್ಚಿದ ಘಟಕದ ಜಾಗದಲ್ಲಿ ಬೇರೊಂದು ಕಂಪನಿ ಬ್ಯಾಟರಿ ಇಡುತ್ತದಂತೆ, ಗ್ರಾಮಸ್ಥರು ಬಂದು ಅಭಿಪ್ರಾಯ ಹೇಳಬೇಕಂತೆ. ಕೂಡಲೇ ಹೊಳೆನರಸೀಪುರದಲ್ಲಿರುವ ನನ್ನ ಷಡ್ಡಕನಿಗೆ ಫೋನು ಮಾಡಿದೆ. ಅವನು ಲೈನ್‌ಮನ್ ಆಗಿ ರಿಟೈರ್ ಆದವನು, ಕರೆಂಟಿನ ವಿಷಯದಲ್ಲಿ ನಮ್ಮ ಮನೆಗೆಲ್ಲ ಅವನೇ ದೊಡ್ಡ ತಲೆ.

"ಬ್ಯಾಟ್ರಿ ಅನ್ನೋದು ನೆಪ ಕಣಯ್ಯ. ಅವ್ರಿಗೆ ಬೇಕಾಗಿರಾದು ಜಾಗ" ಎಂದ ಅವನು. "ನೀನು ಉಸಾರು."

ನನಗೆ ಬೇಕಾಗಿದ್ದ ಮಾತೂ ಅದೇ.

ಸಭೆ ನಡೆದದ್ದು ಡೈರಿ ಪಕ್ಕದ ಸಮುದಾಯ ಭವನದಲ್ಲಿ. ಕಂಪನಿ ಕಡೆಯಿಂದ ಬಂದಿದ್ದವಳು ಒಬ್ಬಳು ಹುಡುಗಿ, ಮೂವತ್ತು ದಾಟಿರಲಾರಳು. ಬಿಳಿ ಪರದೆಯ ಮೇಲೆ ಚಿತ್ರ ಬಿಟ್ಟಳು. ಲಾರಿ ಕಂಟೇನರಿನಂಥ ಬಿಳಿ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಸುತ್ತ ಹಸಿರು ಹುಲ್ಲು, ಮೇಲೆ ನೀಲಿ ಆಕಾಶ, ಎಲ್ಲೂ ಒಂದು ನರಪಿಳ್ಳೆ ಇಲ್ಲ. ಊರೇ ಇಲ್ಲದ ಚಿತ್ರ ತೋರಿಸಿ ಊರಿನವರ ಒಪ್ಪಿಗೆ ಕೇಳುವವರನ್ನು ಹೇಗೆ ನಂಬುವುದು ಎನ್ನಿಸಿತು. ಹಗಲು ಸೋಲಾರಿನಲ್ಲಿ ಹೆಚ್ಚಾದ ಕರೆಂಟನ್ನು ಇವುಗಳಲ್ಲಿ ತುಂಬಿಟ್ಟುಕೊಂಡು ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತುವ ಹೊತ್ತಿಗೆ ಬಿಡುತ್ತಾರಂತೆ. ಹಳೆಯ ಟವರು, ತಂತಿ ಇಲ್ಲೇ ಇರುವುದರಿಂದ ಇದೇ ಜಾಗ ಬೇಕಂತೆ. ಹೊಗೆ ಇಲ್ಲ, ಬೂದಿ ಇಲ್ಲ ಎಂದಳು.

"ನಮ್ ಟ್ರ್ಯಾಕ್ಟ್ರು ಬ್ಯಾಟ್ರಿ ಒಂದಿನ ಬಿಟ್ರೆ ಸತ್ತೋಯ್ತದೆ, ಇದೆಂಗವ್ವ ತಡೀತದೆ?" ಎಂದ ಒಬ್ಬ. "ಪ್ಯಾಟೇಲಿ ಸ್ಕೂಟ್ರು ಬ್ಯಾಟ್ರಿನೇ ಒತ್ಕೊಂಡು ಉರೀತವೆ. ಇಷ್ಟು ದೊಡ್ಡದು ಒತ್ಕೊಂಡ್ರೆ ಆರ್ಸೋರ್ಯಾರು?" ಎಂದ ಇನ್ನೊಬ್ಬ. ಅವಳು ಪೆಟ್ಟಿಗೆಗಳ ನಡುವೆ ಬಿಡುವ ಜಾಗ, ನೀರಿನ ಟ್ಯಾಂಕು, ಬಿಸಿ ಏರಿದರೆ ತಾನೇ ನಿಲ್ಲುವ ಯಂತ್ರ, ಎಲ್ಲ ಹೇಳಿದಳು. ಸಿಟ್ಟಾಗಲಿಲ್ಲ. ಮಾತೂ ನಮ್ಮ ಕಡೆಯದೇ. ಯಾವ ಊರಮ್ಮ ನಿಂದು ಎಂದು ಕೇಳಿದರೆ, "ಅರಕಲಗೂಡು ಕಡೆ ಸಾ, ನಮ್ಮಪ್ಪ ಒಗೆಸೊಪ್ಪು ಬೆಳೀತಾರೆ" ಎಂದಳು. ಎಲ್ಲರ ಮುಖ ಸಡಿಲವಾಯಿತು. ನನಗೆ ಅಲ್ಲೇ ಅನುಮಾನ ದುಪ್ಪಟ್ಟಾಯಿತು. ನಮ್ಮಂತೆ ಮಾತಾಡುವವಳನ್ನೇ ಹುಡುಕಿ ಕಳಿಸಿದ್ದಾರೆ ಎಂದರೆ ಸುಮ್ಮನೆ ಕಳಿಸಿರುತ್ತಾರೆಯೇ?

ಹಿಂದಿನ ಸಾಲಿನಲ್ಲಿ ಉಪ್ಪಿಟ್ಟು, ಕೇಸರಿಬಾತು ತಟ್ಟೆಗಳು ಕಾಯುತ್ತಿದ್ದವು. ಒಬ್ಬರೂ ಮುಟ್ಟಲಿಲ್ಲ. ಉಪ್ಪಿಟ್ಟು ಆರಿ ಗಟ್ಟಿಯಾಗುತ್ತಾ ಬಂತು. ಕೊನೆಗೆ ನಮ್ಮ ಬೀದಿಯ ಮುದುಕನೊಬ್ಬ ಎದ್ದು, "ತಿಂಡಿಗೆ ಸೈನ್ ಆಕ್ಬೇಕಾ ಮೇಡಂ?" ಎಂದು ಕೇಳಿದ.

"ಇಲ್ಲ ತಾತ, ತಿನ್ನಿ."

"ಅಂಗಂತ ಬರ್ದ್ಕೊಡಿ."

ಅವಳು ನಗಲಿಲ್ಲ. ಒಂದು ಹಾಳೆ ಹರಿದು, ತಿಂಡಿ ತಿನ್ನುವುದಕ್ಕೂ ಒಪ್ಪಿಗೆಗೂ ಯಾವ ಸಂಬಂಧವೂ ಇಲ್ಲ ಎಂದು ಬರೆದು, ಕೆಳಗೆ ತನ್ನ ಸಹಿ ಹಾಕಿ ಕೊಟ್ಟಳು. ಮುದುಕ ಅದನ್ನು ನನ್ನ ಕೈಗೆ ಕೊಟ್ಟು ಓದಿಸಿ, ನಾಲ್ಕಾಗಿ ಮಡಚಿ ಒಳಜೇಬಿಗೆ ಇಟ್ಟುಕೊಂಡು, "ತಿನ್ರಪ್ಪ ಈಗ" ಎಂದ. ಮೂರೇ ನಿಮಿಷದಲ್ಲಿ ಪಾತ್ರೆ ಖಾಲಿಯಾಯಿತು.

ಆಮೇಲೆ ಅವಳು ಇನ್ನೊಂದು ಕಟ್ಟು ಹಾಳೆ ಹಂಚತೊಡಗಿದಳು. ಕೆಳಗಡೆ ಸಹಿ ಎಂದು ಗೆರೆ ಎಳೆದಿದ್ದದ್ದು ಕಣ್ಣಿಗೆ ಬಿತ್ತು. ಅಷ್ಟು ಸಾಕಾಯಿತು ನನಗೆ. ಎದ್ದು ನಿಂತು, "ಯಾರೂ ಸೈನ್ ಆಕ್ಬ್ಯಾಡಿ. ಇದೇ ಆಟ ಇಂದೆ ಒಂದ್ಸಲ ಆಡವ್ರೆ" ಎಂದೆ. ಗೆರೆಯ ಮೇಲೆ ಏನು ಅಚ್ಚಾಗಿದೆ ಎಂದು ನಾನು ನೋಡಲಿಲ್ಲ. ಹಾಳೆಗಳೆಲ್ಲ ಬಂದ ಹಾಗೇ ವಾಪಸು ಹೋದವು. ಹೆಂಗಸರ ಸಾಲಿನಿಂದ ಅಕ್ಕ ಮೆಲ್ಲಗೆ, "ನಮ್ ಒಲುದ್ ದಾರಿ ವಿಷ್ಯ ಕೇಳಾದು ಬ್ಯಾಡ್ವಾ ತಮ್ಮಯ್ಯ?" ಎಂದಳು.

"ಸುಮ್ಕಿರಕ್ಕ ನೀನು" ಎಂದು ಗದರಿದೆ.

ಗದರಿದ್ದಕ್ಕೆ ನನ್ನದೇ ಒಂದು ಕಾರಣ ಇತ್ತು. ದಾರಿ ಕೊಡಿ ಎಂದು ಕೇಳಿದರೆ, ದಾರಿ ನಮ್ಮದಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ. ಸುಮ್ಮನೆ ಓಡಾಡುತ್ತಿದ್ದರೆ ರೂಢಿಯ ಹಕ್ಕು. ಇಂಥ ಹತ್ತಾರು ತಕರಾರುಗಳ ಅರ್ಜಿ ಬರೆದ ಬುದ್ಧಿ ನನಗೆ ಹಾಗೆ ಹೇಳಿತು. ಮನೆಗೆ ಬರುವ ದಾರಿಯಲ್ಲಿ ಅಕ್ಕನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಹೂಂಗುಟ್ಟಿದಳು.

ಎಂಟು ಹತ್ತು ದಿನ ಕಳೆದಿರಬಹುದು. ಪಟ್ಟಣದಿಂದ ಮಧ್ಯಾಹ್ನದ ಬಸ್ಸಿಗೆ ಇಳಿದು ಬರುತ್ತಿದ್ದೇನೆ, ಅಕ್ಕನ ಮನೆ ಜಗಲಿಯ ಮೇಲೆ ಆ ಹುಡುಗಿ. ಪಕ್ಕದಲ್ಲಿ ಮಜ್ಜಿಗೆ ಲೋಟ. ಅಕ್ಕನ ತೊಡೆಯ ಮೇಲೆ ಒಂದು ಹಾಳೆ, ಕೈಯಲ್ಲಿ ಪೆನ್ನು. ಅಕ್ಕ ನಾಲ್ಕನೇ ಕ್ಲಾಸು ಓದಿದವಳು. ಹೆಸರು ಬರೆಯುವಾಗ ಒಂದೊಂದು ಅಕ್ಷರಕ್ಕೂ ನಿಂತು ನಿಂತು ಬರೆಯುತ್ತಾಳೆ. ಮೊದಲ ಅಕ್ಷರಕ್ಕೆ ಪೆನ್ನು ಊರಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಊರಿಗೆಲ್ಲ ಬುದ್ಧಿ ಹೇಳಿದವನ ಮನೆಗೇ ಹಿಂಬಾಗಿಲಿನಿಂದ ಬಂದಿದ್ದಾಳೆ ಎಂದುಕೊಂಡು ಹಾಳೆಯನ್ನು ಕಿತ್ತುಕೊಂಡೆ.

"ಒಂದ್ಸಲ ಓದಿ ನೋಡಿ ಸಾ" ಎಂದಳು ಹುಡುಗಿ. "ಅಮ್ಮ ಯೋಳಿದ್ದೇ ಬರ್ದಿರಾದು."

"ನಿಮ್ಮಂತೋರು ಬರ್ದಿದ್ನ ಓದೀ ಓದೀ ಕಣ್ಣು ಮಂಜಾಗವೆ. ಓಗಮ್ಮ."

"ತಿಂಗಳ ಕೊನೆಗೆ ಫೈಲು ಹಾಸನದ ಆಫೀಸಿಗೆ ಓಯ್ತದೆ ಸಾ. ಆಮ್ಯಾಕೆ ನಮ್ ಕೈಲಿ ಏನೂ ಇರಾಕಿಲ್ಲ."

ಹೆದರಿಸುತ್ತಿದ್ದಾಳೆ ಅಂದುಕೊಂಡೆ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡೆ, ಇವಳ ಕೈಗೆ ಸಿಕ್ಕರೆ ಖಾಲಿ ಜಾಗದಲ್ಲಿ ಏನಾದರೂ ಬರೆದುಕೊಂಡಾಳು ಎಂದು. ಅಕ್ಕ ಪೆನ್ನಿನ ಮುಚ್ಚಳ ಹಾಕಿ ಹುಡುಗಿಗೆ ಕೊಟ್ಟಳು. ಅವಳು ಹೋದ ಮೇಲೆ, "ಬಿಸ್ಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡೀತೀಯಾ?" ಎಂದಳು. ಗೆದ್ದವನ ಹಾಗೆ ಕೂತು ಎರಡು ಲೋಟ ಕುಡಿದೆ. ಸಂಜೆ ಡೈರಿ ಹತ್ತಿರ ನಡೆದದ್ದನ್ನು ಬಣ್ಣ ಕಟ್ಟಿ ಹೇಳಿದಾಗ, "ನೀನಿಲ್ದಿದ್ರೆ ಊರು ಓಗ್ಬುಡ್ತಿತ್ತು ಕಣಣ್ಣ" ಎಂದರು. ಒಬ್ಬಟ್ಟಿನ ಮಾತು ಆಡುತ್ತಿದ್ದವರ ಬಾಯಲ್ಲೇ ಆ ಮಾತು ಬಂದಾಗ ನನಗೆ ನಿಜಕ್ಕೂ ಎದೆ ಉಬ್ಬಿತು. ಸುಳ್ಳೇಕೆ ಹೇಳಲಿ?

ಮಳೆಗಾಲ ಮುಗಿಯುವ ಹೊತ್ತಿಗೆ ಕಂಬಗಳು ಬಂದವು. ಆಮೇಲೆ ಆಳೆತ್ತರಕ್ಕೂ ಮೇಲೆ ತಂತಿಬೇಲಿ. ವಾಚ್‌ಮನ್ನನ್ನು ಮನೆಗೆ ಕಳಿಸಿದರು. ಚಿಕ್ಕ ಗೇಟು ಇದ್ದ ಕಡೆ ಗೇಟೇ ಇಲ್ಲದೆ ಬೇಲಿ ನೇರ ಓಡಿತು. ರೂಢಿಯ ಹಕ್ಕು ಎಂದು ಕೂಗಾಡಿದೆ. ಸೆಕ್ಯುರಿಟಿಯವನಿಗೆ ಕನ್ನಡ ಬರುತ್ತಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ನಕಾಶೆ ತೆಗೆಸಿ ನೋಡಿದೆ, ಗಾಡಿ ಜಾಡು ಅದರಲ್ಲಿ ಇರಲಿಲ್ಲ.

ಅಕ್ಕ ಕೆರೆ ಏರಿಯ ಮೇಲೆ ಸುತ್ತಿಕೊಂಡು, ನಾಲೆಯ ಸೇತುವೆ ದಾಟಿ, ಬೇಲಿ ಪಕ್ಕದ ಕಳ್ಳಿಯಲ್ಲಿ ನುಸುಳಿ ಹೋಗತೊಡಗಿದಳು. ಬೆಳಿಗ್ಗೆ ಹಾಲು ಹಾಕಿ ಹೋದವಳು ಹೊರೆ ಹೊತ್ತು ಬರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತಿತ್ತು. ಮೊಣಕಾಲು ಊದಿಕೊಂಡಿತು. ಎರಡು ಹಸುವಿಗೆ ಸಾಕಾಗುವಷ್ಟು ಮೇವು ಹೊರಲು ಆಗದೆ ಒಂದನ್ನು ಮಾರಿದಳು. ಇನ್ನೊಂದನ್ನೂ ಮಾರಿದರೆ ಅವಳು ಏನು ಮಾಡಿಕೊಂಡು ಬದುಕಬೇಕು ಎನ್ನುವುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಒಂದು ದಿನ ಅವಳ ಹಿಂದೆ ನಾನೂ ಏರಿ ಮೇಲೆ ಹೋದೆ. ಅಲ್ಲಿಂದ ಬೇಲಿ ಪೂರ್ತಿ ಕಾಣುತ್ತದೆ. ನಮ್ಮ ಕಡೆ ಗೆರೆ ಎಳೆದ ಹಾಗೆ ನೇರ ಬಂದ ಬೇಲಿ, ಆಚೆ ಪಕ್ಕದೂರಿನ ಕಡೆ ಒಂದು ಕಡೆ ಬಗ್ಗಿ ಒಳಕ್ಕೆ ಹೋಗಿ, ಮತ್ತೆ ಹೊರಕ್ಕೆ ಬಂದಿತ್ತು. ಬಗ್ಗಿದ ಜಾಗದಲ್ಲಿ ಆ ಊರಿನವರ ದನ ನೀರು ಕುಡಿಯುವ ಹಳೆಯ ತೊಟ್ಟಿ. ಅದನ್ನು ಅವರಿಗೇ ಬಿಟ್ಟಿದ್ದರು. ಅವರಿಗೆ ಬಗ್ಗಿದ್ದು ನಮಗೆ ಯಾಕೆ ಬಗ್ಗಲಿಲ್ಲ?

ಹುಡುಗಿ ಫ್ಯಾಕ್ಟರಿಯ ಹಳೆಯ ತೂಕದ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದಳು. ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಅವಳು ಬೈಗುಳ ಮುಗಿಯುವವರೆಗೆ ಕಾದು, ಒಂದು ಫೈಲು ತೆಗೆದು ನನ್ನ ಮುಂದೆ ಇಟ್ಟಳು. ಅವತ್ತು ಸಭೆಯಲ್ಲಿ ಹಂಚಿದ್ದಂಥದೇ ಹಾಳೆಗಳು, ಪಕ್ಕದೂರಿನ ಕಟ್ಟು ದಪ್ಪಗಿತ್ತು. ಹೆಸರು, ಸರ್ವೆ ನಂಬರು, ಅಹವಾಲು, ಸಹಿ. ತೊಟ್ಟಿ ಬಿಟ್ಟುಕೊಡಿ ಎಂದು ಹತ್ತಿಪ್ಪತ್ತು ಜನ ಬರೆಸಿದ್ದರು. ನಮ್ಮೂರಿನದು ಒಂದೇ ಹಾಳೆ. ಸಭೆ ನಡೆಯಿತು, ಅಹವಾಲು ಯಾವುದೂ ಇಲ್ಲ ಎಂದಿತ್ತು.

"ನಮ್ಮಕ್ಕ ನಿಂಗೆ ಬಾಯಲ್ಲಿ ಯೋಳಿರ್ಲಿಲ್ವಾ?" ಎಂದೆ.

"ಯೋಳಿದ್ರು ಸಾ. ಸೈನಿಲ್ದೆ ಆಫೀಸ್ನಲ್ಲಿ ತಗೊಳಾಕಿಲ್ಲ. ಆ ಹಾಳೆ ನಿಮ್ ಜೇಬಿಗೆ ಓಯ್ತಲ್ಲ."

"ಇನ್ನೊಂದು ಬರ್ಕೊಂಡು ಬರ್ಬೇಕಾಗಿತ್ತು ನೀನು."

"ಬಂದಿದ್ದೆ. ಅಮ್ಮ ಬಾಗ್ಲಲ್ಲೇ ನಿಂತು ಬ್ಯಾಡ ಕಣವ್ವ ಅಂದ್ರು." ಅವಳು ಫೈಲು ಮುಚ್ಚಿದಳು. "ಈಗ ಆ ಜಾಡ್ನಲ್ಲೇ ಕೇಬಲ್ ಊತವ್ರೆ ಸಾ. ಮನ್ಸ್ರು ಕಾಲಿಡಂಗಿಲ್ಲ."

ಮನೆಗೆ ಬಂದು ಚೀಲ ಸುರಿದೆ. ಯಾರ್ಯಾರದೋ ಪಹಣಿ ಜೆರಾಕ್ಸುಗಳ ನಡುವೆ, ಅವತ್ತೇ ಜೇಬಿನಿಂದ ಚೀಲಕ್ಕೆ ಹಾಕಿದ್ದ ಆ ಹಾಳೆ ಸಿಕ್ಕಿತು. ಮಡಿಕೆ ಬಿಚ್ಚಿ ಮೊದಲ ಸಲ ಓದಿದೆ. ಅಕ್ಷರ ನನ್ನದಕ್ಕಿಂತ ಚೆನ್ನಾಗಿತ್ತು. ಅಕ್ಕನ ಹೆಸರು, ಸರ್ವೆ ನಂಬರು. ಎರಡು ಹಸುಗಳಿಗೆ ದಿನವೂ ಮೇವು ತರಬೇಕಾಗಿರುವುದರಿಂದ ಹಳೆಯ ಗಾಡಿ ಜಾಡಿನ ಉದ್ದಕ್ಕೂ ಎಂಟಡಿ ಅಗಲದ ದಾರಿಯನ್ನು ಬೇಲಿಯ ಹೊರಗೆ ಉಳಿಸಬೇಕು, ಬೇರೆ ದಾರಿ ಇಲ್ಲ ಎಂದಿತ್ತು. ಮೂವತ್ತು ವರ್ಷದಲ್ಲಿ ನಾನು ಬರೆದ ಯಾವ ಅರ್ಜಿಯೂ ಇಷ್ಟು ಚೊಕ್ಕವಾಗಿರಲಿಲ್ಲ. ಕೆಳಗಿನ ಗೆರೆಯ ಮೇಲೆ ಅಕ್ಕನ ಹೆಸರಿನ ಮೊದಲ ಅಕ್ಷರ, ನಾನು ಎಳೆದುಕೊಂಡಾಗ ಬಿದ್ದ ಉದ್ದನೆಯ ಗೀರು.

ಸಹಿ ಬಿದ್ದಿದ್ದರೆ ಅವರು ದಾರಿ ಬಿಟ್ಟೇ ಬಿಡುತ್ತಿದ್ದರು ಎಂದು ಈಗಲೂ ನಾನು ಆಣೆ ಮಾಡಿ ಹೇಳಲಾರೆ. ಕಂಪನಿಯವರು ಕಂಪನಿಯವರೇ. ತೊಟ್ಟಿಗೆ ಬಗ್ಗಿದ್ದು ಆ ಜಾಗ ಅವರಿಗೆ ಬೇಡವಾಗಿದ್ದಕ್ಕೋ ಏನೋ. ಹೀಗೆಲ್ಲ ಯೋಚಿಸಿ ಸಮಾಧಾನ ಹುಡುಕಿದೆ, ಸಿಗಲಿಲ್ಲ. ಓದಿ ಸಹಿ ಹಾಕಿ ಎಂದು ಊರಿಗೆ ಹೇಳುವವನು ಓದದೆ ಕಿತ್ತುಕೊಂಡಿದ್ದೆ. ನಾಚಿಕೆಯಾಯಿತು.

ಮಾರನೇ ದಿನ ಬೆಳಿಗ್ಗೆ ಹೊಲಕ್ಕೆ ಹೋದೆ. ಅಕ್ಕ ಜೋಳದ ಸೊಪ್ಪೆ ಕೊಯ್ದು ಹೊರೆ ಕಟ್ಟುತ್ತಿದ್ದಳು. ಬೇಲಿಯ ಆಚೆ ಬಿಳಿ ಪೆಟ್ಟಿಗೆಗಳು ಗುಂಯ್ ಎನ್ನುತ್ತಿದ್ದವು.

"ಅಕ್ಕ, ಅವತ್ತು ನಾನು ಕಿತ್ಕೊಂಡ್ನಲ್ಲ, ಆ ಹಾಳೆ. ಅದ್ರಲ್ಲಿ ಬರ್ದಿದ್ದು ನಿನ್ ದಾರಿ ವಿಷ್ಯನೇ."

"ಗೊತ್ತು."

"ಏನ್ ಗೊತ್ತು?"

"ಆ ಮಗು ಎರಡ್ಸಲ ಓದಿ ಯೋಳಿತ್ತಲ್ಲ. ಎಂಟಡಿ ಸಾಕೇನಮ್ಮ ಅಂತ್ಲೂ ಕೇಳ್ತು. ಸಾಕು ಕಣವ್ವ, ಒರೆ ಒತ್ಕೊಂಡು ಬರಕ್ಕೆ ಇನ್ನೆಷ್ಟು ಬೇಕು ಅಂದಿದ್ದೆ."

"ಮತ್ತೆ ನಂಗ್ಯಾಕೆ ಯೋಳ್ನಿಲ್ಲ ನೀನು? ಅವ್ಳು ಇನ್ನೊಂದ್ಸಲ ಬಂದಾಗ್ಲಾದ್ರೂ ಸೈನ್ ಆಕ್ಬೌದಾಗಿತ್ತಲ್ಲ?"

ಅಕ್ಕ ಹಗ್ಗವನ್ನು ಮಂಡಿ ಕೊಟ್ಟು ಬಿಗಿದಳು. ಎದ್ದು ಸೆರಗನ್ನು ಸಿಂಬೆ ಸುತ್ತಿ ತಲೆಯ ಮೇಲೆ ಇಟ್ಟುಕೊಂಡಳು.

"ಊರ್ಗೆಲ್ಲ ಬ್ಯಾಡ ಅಂತ ಯೋಳಿದ್ದೆ ನೀನು. ಒಡುಟ್ಟಿದೋಳೇ ಆಕ್ಬುಟ್ರೆ ಆಮ್ಯಾಕೆ ನಿನ್ ಮಾತ್ನ ಯಾರ್ ಕೇಳೋರು ತಮ್ಮಯ್ಯ? ಮೊದ್ಲೇ ಆ ಒಬ್ಬಟ್ಟಿನ್ ಮಾತಿಗೆ ಎಷ್ಟು ವರ್ಸ ತಲೆ ತಗ್ಸಿದ್ದೆ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಹೊರೆ ನಾನು ಹೊರುತ್ತೇನೆ ಎಂದೆ.

"ನಿಂಗಾಗಾಕಿಲ್ಲ. ಏರಿ ಮ್ಯಾಲೆ ಜಾರ್ತದೆ. ಎತ್ತಿಡು, ಒತ್ತಾಯ್ತು."

ಹೊರೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ತಲೆಯ ಮೇಲೆ ಇಟ್ಟೆ. ಅದು ಅಷ್ಟು ಭಾರ ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳು ಕುತ್ತಿಗೆ ಸರಿಮಾಡಿಕೊಂಡು, ಒಂದು ಕೈಯಲ್ಲಿ ಮೊಣಕಾಲು ಒತ್ತಿಕೊಂಡು, ನಾಲೆಯ ಕಡೆಗೆ ನಡೆದಳು.